ಹೆಡ್‌ಲೈಟಿನ ಬೆನ್ನ ಹಿಂದಿನ ರಬ್ಬರು

ಮಳೆ ಹಿಡಿದ ಮೇಲೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದರೆ ಬಾನೆಟ್ ಎತ್ತಿಕೊಂಡು ನಿಂತ ಗಾಡಿಗಳದೇ ಸಾಲು. ವೈಪರ್ ತಿರುಗದವು, ಬ್ರೇಕ್ ಕಿರುಗುಟ್ಟುವವು, ಹೆಡ್‌ಲೈಟಿನೊಳಗೆ ನೀರು ತುಂಬಿಕೊಂಡವು. ಗೆಳೆಯರೊಬ್ಬರ ಅಂಬಾಸಿಡರ್‌ಗೆ ಹೆಡ್‌ಲೈಟ್ ರಿಂಗಿನ ಬೀಡಿಂಗ್ ಬೇಕಿತ್ತು. ಅದನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೆ. ಬೀಡಿಂಗ್ ಸಿಕ್ಕಿತು. ಆದರೆ ಈ ಲೇಖನ ಬರೆಯುವ ಹುಚ್ಚು ಹಿಡಿಸಿದ್ದು ಪಕ್ಕದಲ್ಲಿ ನಿಂತಿದ್ದ ಸಣ್ಣ ಕಾರೊಂದರ ಬಲಗಡೆಯ ಹೆಡ್‌ಲೈಟು.

ಮೇಸ್ತ್ರಿ ಆ ಲೈಟನ್ನು ಬಿಚ್ಚಿ ತಂದು, ಎಳನೀರು ಕೊಳ್ಳುವವರು ಕಾಯಿ ಅಲ್ಲಾಡಿಸುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು. ಕಾರಿನವರ ಮುಖ ಸಪ್ಪಗಿತ್ತು. ಸರ್ವೀಸ್ ಸೆಂಟರಿನಲ್ಲಿ ಇಡೀ ಅಸೆಂಬ್ಲಿಯನ್ನೇ ಬದಲಿಸಬೇಕು ಎಂದು ಎಸ್ಟಿಮೇಟ್ ಬರೆದುಕೊಟ್ಟಿದ್ದರಂತೆ. ಮೇಸ್ತ್ರಿ ಲೈಟನ್ನು ಮಗುಚಿ, ಬಲ್ಬಿನ ಹಿಂದೆ ಕೂತಿದ್ದ ದುಂಡನೆಯ ಕಪ್ಪು ರಬ್ಬರ್ ಕ್ಯಾಪಿನ ಮೇಲೆ ಹೆಬ್ಬೆರಳು ಆಡಿಸಿ, "ಇಲ್ಲಿ ಓದಿ ಸಾರ್" ಎಂದರು. ರಬ್ಬರಿನಲ್ಲೇ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಟಾಪ್. ಆ ಅಕ್ಷರಗಳು ಇದ್ದದ್ದು ಕೆಳಗಡೆ, ತಲೆಕೆಳಗಾಗಿ.

ಯಾರೋ ಬಲ್ಬ್ ಬದಲಿಸಿದವರು ಕ್ಯಾಪನ್ನು ಉಲ್ಟಾ ಹಾಕಿದ್ದರು. ಕೆಳಗಡೆ ಇರಬೇಕಾದ, ಗಾಳಿಯಾಡಲು ಬಿಟ್ಟ ಸೀಳು ಮೇಲೆ ಬಂದಿತ್ತು. ಬಾನೆಟ್ಟಿನ ಸಂದಿಯಿಂದ ಇಳಿದ ಮಳೆನೀರು ನೇರವಾಗಿ ಅದರೊಳಕ್ಕೆ. ಮೇಸ್ತ್ರಿ ನೀರು ಬಸಿದು, ಬ್ಲೋವರಿನಿಂದ ಹದವಾದ ಬಿಸಿಗಾಳಿ ಹಾಯಿಸಿ, ಕ್ಯಾಪನ್ನು ಸರಿಯಾಗಿ ತಿರುಗಿಸಿ, ಅದರ ತುಟಿಯನ್ನು ಸುತ್ತಲೂ ಬೆರಳಿನಿಂದ ಒತ್ತುತ್ತಾ ಕೂರಿಸಿದರು. ಹೊಸದಾಗಿ ಹಾಕಿದ ಸಾಮಾನು ಒಂದೂ ಇಲ್ಲ.

ಆಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಎತ್ತಿದ್ದ ಬಾನೆಟ್ಟುಗಳೊಳಗೆಲ್ಲ ಮೊಬೈಲ್ ಟಾರ್ಚ್ ಬಿಟ್ಟು ಇಣುಕತೊಡಗಿದೆ. ಒಂದರಲ್ಲಿ ಟಾಪ್ ಎಡಕ್ಕೆ ವಾಲಿದೆ. ಒಂದರಲ್ಲಿ ತುಟಿ ಅರ್ಧ ಕೂತಿದೆ, ಅರ್ಧ ಮಡಚಿಕೊಂಡಿದೆ. ಒಂದು ಹಳೆಯ ವ್ಯಾನಿನಲ್ಲಿ ಕ್ಯಾಪೇ ಇಲ್ಲ, ಅದರ ಜಾಗದಲ್ಲಿ ಹಾಲಿನ ಪ್ಯಾಕೆಟ್ಟನ್ನು ಇನ್ಸುಲೇಷನ್ ಟೇಪಿನಿಂದ ಸುತ್ತಿದ್ದಾರೆ. "ಏನು ಸಾರ್, ಆರ್‌ಟಿಒ ಕಡೆಯೋರಾ?" ಎಂದು ಹುಡುಗನೊಬ್ಬ ಕೇಳಿಯೂ ಬಿಟ್ಟ. ಅಚ್ಚು ಹಾಕುವಾಗಲೇ ಯಾವ ಕಡೆ ಮೇಲೆ ಎಂದು ಬರೆದಿಟ್ಟವನ ಮುಂದಾಲೋಚನೆಗೆ ನಾನು ಮನಸೋತಿದ್ದೇನೆ. ಅದನ್ನು ಓದದೆ ಎಸ್ಟಿಮೇಟ್ ಬರೆದವರ ಬಗ್ಗೆ ಆ ಮಟ್ಟದ ಗೌರವ ಉಳಿದಿಲ್ಲ.

ಈ ಕ್ಯಾಪಿನ ಮರ್ಮ ಇರುವುದು ಗಾಳಿಯಲ್ಲಿ. ಹೆಡ್‌ಲೈಟ್ ಎಂದರೆ ಗಾಳಿಯಾಡದ ಡಬ್ಬಿ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಹಾಗಿಲ್ಲ. 1971ರಲ್ಲಿ ಬಂದ, ಇವತ್ತಿಗೂ ನಮ್ಮ ಲಕ್ಷಾಂತರ ಗಾಡಿಗಳಲ್ಲಿರುವ ಎಚ್4 ಹ್ಯಾಲೋಜನ್ ಬಲ್ಬಿನ ಗಾಜು ಉರಿಯುವಾಗ 250 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಒಳಗಿನ ಗಾಳಿ 25 ಡಿಗ್ರಿಯಿಂದ 80ಕ್ಕೆ ಏರಿತು ಎನ್ನಿ, ಸುಮಾರು ಶೇ 18ರಷ್ಟು ಹಿಗ್ಗುತ್ತದೆ. ಅಷ್ಟು ಗಾಳಿ ಹೊರಹೋಗಲೇಬೇಕು. ಘಾಟಿ ಇಳಿಯುವಾಗ ಬಿಸಿ ಲೈಟಿನ ಮೇಲೆ ಮಳೆ ರಪ್ಪೆಂದು ಹೊಡೆದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ದಾರಿ ಸರಿಯಿದ್ದರೆ ಬರುವುದು ಗಾಳಿ. ರಬ್ಬರ್ ಸಡಿಲವಾಗಿ ಆ ಜಾಗದಲ್ಲಿ ನೀರು ನಿಂತಿದ್ದರೆ ಬರುವುದು ನೀರು. ಅದಕ್ಕೇ ಲೈಟಿನ ಹಿಂದೆ ಕೆಳಮುಖವಾಗಿ ಬಗ್ಗಿದ ಪುಟ್ಟ ರಬ್ಬರ್ ಕೊಳವೆಗಳನ್ನು ಇಟ್ಟಿರುತ್ತಾರೆ. ಬೆಳಿಗ್ಗೆ ಲೆನ್ಸಿನ ಒಳಗೆ ತೆಳುವಾದ ಮಂಜು ಕಂಡು, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ಚಿಂತೆ ಬೇಡ. ಹನಿ ಇಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ ರಬ್ಬರಿನ ಕಡೆ ನೋಡಬೇಕು.

ಈ ತಲೆನೋವೇ ಬೇಡವೆಂದು ಅಮೆರಿಕನ್ನರು 1940ರ ಮಾಡೆಲ್‌ಗಳಿಂದ ಸೀಲ್ಡ್ ಬೀಮ್ ತಂದರು. ತಂತಿ, ಕನ್ನಡಿ, ಗಾಜು ಎಲ್ಲ ಒಂದೇ ಗಟ್ಟಿ. ಸುಟ್ಟುಹೋದರೆ ಇಡಿಯಾಗಿ ಎಸೆಯುವುದು. ಬಲ್ಬ್ ಮಾತ್ರ ಬದಲಿಸುವ ಲೈಟಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಯುರೋಪಿನ ಹೆಚ್ಚಿನ ದೇಶಗಳು ಮೊದಲಿನಿಂದಲೂ ಬಲ್ಬ್ ಬದಲಿಸುವ ದಾರಿಯಲ್ಲೇ ನಡೆದವು. ನಮ್ಮ ಅಂಬಾಸಿಡರ್, ಮಹೀಂದ್ರ ಜೀಪುಗಳ ಏಳಿಂಚಿನ ಗುಂಡು ಲೈಟು ಆ ಸೀಲ್ಡ್ ಬೀಮ್ ಕಾಲದ ಅಳತೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತಿತು, ಅಂಬಾಸಿಡರ್ ಬರುವುದೂ ನಿಂತಿತು. ಅದರ ರಬ್ಬರುಗಳು ಮಾತ್ರ ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ.

ಹಾಗೆ ಸಿಕ್ಕ ಬೀಡಿಂಗನ್ನು ಮೇಸ್ತ್ರಿ ಕೂರಿಸಿದ ರೀತಿಯನ್ನೂ ಹೇಳಬೇಕು. ಹೊಳೆಯುವ ರಿಂಗ್ ಬಿಚ್ಚಿದಾಗ ಹಳೆಯ ರಬ್ಬರು ತುಂಡು ತುಂಡಾಗಿ ಕೈಗೆ ಬಂತು. ಒಂದು ತುಂಡನ್ನು ಬಗ್ಗಿಸಿ ತೋರಿಸಿದರು: ಉಬ್ಬಿದ ಬೆನ್ನಿನ ಮೇಲೆ ಅಡ್ಡಡ್ಡಲಾಗಿ ಸಣ್ಣ ಸಣ್ಣ ಬಿರುಕು. ಇದು ಬರೀ ಬಿಸಿಲಿನ ಕೆಲಸವಲ್ಲ. ಗಾಳಿಯಲ್ಲಿನ ಓಝೋನ್, ಎಳೆದು ಬಿಗಿದ ನೈಸರ್ಗಿಕ ರಬ್ಬರನ್ನು ಹೀಗೆ ಸೀಳುತ್ತದೆ. ಈಗಿನ ಗಾಡಿಗಳಿಗೆ ಬರುವ ಇಪಿಡಿಎಂ ಎಂಬ ಕೃತಕ ರಬ್ಬರು ಓಝೋನಿಗೆ ಜಗ್ಗುವುದಿಲ್ಲ, ಆದರೆ ಪೆಟ್ರೋಲು, ಗ್ರೀಸು, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಜಾರಲಿ ಎಂದು ಗ್ರೀಸ್ ಸವರಿ ಸೀಲ್ ತೂರಿಸುವ ಅಭ್ಯಾಸ ಅದಕ್ಕೇ ಕೆಟ್ಟದ್ದು. ಸಿಲಿಕೋನ್ ಗ್ರೀಸ್ ಇದ್ದರೆ ಸರಿ, ಇಲ್ಲದಿದ್ದರೆ ಸೋಪು ನೀರು ಸಾಕು.

ಮೇಸ್ತ್ರಿ ಜಾಗವನ್ನೆಲ್ಲ ಕೆರೆದು, ತುಕ್ಕು ಉಜ್ಜಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿದರು. ಹೊಸ ಬೀಡಿಂಗನ್ನು ಎಳೆಯಲಿಲ್ಲ. ಎಳೆದು ಅಂಟಿಸಿದ ರಬ್ಬರು ನಾಲ್ಕು ದಿನದಲ್ಲಿ ತನ್ನ ಉದ್ದಕ್ಕೆ ಮರಳಿ, ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಬದಲಿಗೆ ಕೂದಲೆಳೆಯಷ್ಟು ಉದ್ದ ಬಿಟ್ಟು ಕತ್ತರಿಸಿ, ತುದಿಗಳನ್ನು ಒಂದಕ್ಕೊಂದು ಒತ್ತಿ, ಜೋಡಣೆ ಕೆಳಗೆ ಬರುವಂತೆ ಇಟ್ಟರು. ರಿಂಗ್ ಬಿಗಿದ ಮೇಲೆ ಹಿಡಿದಿಡುವುದು ಒತ್ತಡ, ಗಮ್ ಅಲ್ಲ. "ಗಮ್ ಹಾಕೋದು ಕೂರಿಸೋಕೆ ಬರದೇ ಇರೋರು ಸಾರ್." ಇದು ಅವರ ತೀರ್ಪು. ಪೂರ್ತಿ ಒಪ್ಪುವುದು ಕಷ್ಟ. ಬಾನೆಟ್ ಅಂಚಿಗೆ, ಲೈಟಿನ ಮೇಲುಗಡೆಗೆ ಬರುವ ಉದ್ದನೆಯ ಪಟ್ಟಿಗಳು ಕಳಚಿಕೊಂಡರೆ ಗಮ್ ಬೇಕೇ ಬೇಕು. ಇಪಿಡಿಎಂ ಸುಲಭಕ್ಕೆ ಅಂಟುವ ಜಾತಿಯಲ್ಲ. ಬೀಡಿಂಗಿಗೆಂದೇ ಬರುವ ಗಮ್ಮನ್ನು ಎರಡೂ ಕಡೆ ತೆಳುವಾಗಿ ಸವರಿ, ಕೈಗೆ ಜಿಗುಟುವಷ್ಟು ಆರಿದ ಮೇಲೆ ಒತ್ತಬೇಕು.

ಗಮ್ಮಿನ ವಿಷಯದಲ್ಲಿ ನಮ್ಮವರ ಧಾರಾಳ ಭಯ ಹುಟ್ಟಿಸುತ್ತದೆ. ಕ್ಷಣದಲ್ಲಿ ಅಂಟುವ ಗಮ್ಮಿನ ಆವಿ ಲೆನ್ಸಿನ ಒಳಗೆ ಬೂದಿ ಬಣ್ಣದ ಪೊರೆ ಕಟ್ಟುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಪೇಸ್ಟ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಒಳಗಿನ ಹೊಳಪಿನ ಲೇಪಕ್ಕೂ ತಾಮ್ರದ ತಂತಿಗೂ ಅದು ಶತ್ರು. ಪೇಸ್ಟ್ ಹಾಕಲೇಬೇಕಿದ್ದರೆ ಆಮ್ಲ ಬಿಡದ ನ್ಯೂಟ್ರಲ್ ಜಾತಿಯದನ್ನು ಕೇಳಿ. ಇನ್ನು ಹಿಂದಿನ ಕ್ಯಾಪು, ಕೊಳವೆ, ಸೀಳು ಎಲ್ಲದಕ್ಕೂ ಪೇಸ್ಟ್ ಮೆತ್ತಿ "ಪ್ಯಾಕ್ ಮಾಡಿದ್ದೀನಿ" ಎನ್ನುವವರು ನೀರನ್ನು ಒಳಗೇ ಕೂಡಿಹಾಕುತ್ತಾರೆ, ಅಷ್ಟೆ.

ಲೆನ್ಸೇ ಬಾಯಿ ಬಿಟ್ಟಿದ್ದರೆ ಕಥೆ ಬೇರೆ. ಹೆಚ್ಚಿನ ಪ್ಲಾಸ್ಟಿಕ್ ಲೈಟುಗಳಲ್ಲಿ ಲೆನ್ಸನ್ನು ಹಿಡಿದಿರುವುದು ಬ್ಯುಟೈಲ್ ಎಂಬ ಜಿಗುಟು ರಬ್ಬರು. ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಅದಕ್ಕೇ ಲೈಟನ್ನು ಓವನ್ನಿನಲ್ಲಿಟ್ಟು ತೆರೆಯುವ ವಿಡಿಯೊಗಳು ಹರಿದಾಡುತ್ತಿವೆ. ಕಲಿತ ಕೈಗೆ ಅದು ಸಾಧ್ಯ. ಅಡುಗೆಮನೆಯಲ್ಲಿ ಮಾಡಲು ಹೋಗಿ ಲೆನ್ಸ್ ಸೊಟ್ಟಗಾದರೆ ಯಾವ ಸೀಲೂ ಕೂರುವುದಿಲ್ಲ. ಆ ಕೆಲಸ ಗ್ಯಾರೇಜಿಗೇ ಇರಲಿ.

ರಬ್ಬರನ್ನು ಬೇಗ ಕೊಲ್ಲುವ ಇನ್ನೊಂದು ಚಟ ನಮ್ಮ ಹೆದ್ದಾರಿಗಳಲ್ಲಿ ಪ್ರಸಿದ್ಧ. 60/55 ವಾಟಿನ ಜಾಗಕ್ಕೆ 100/90 ವಾಟಿನ ಬಲ್ಬ್. ಎದುರಿನವರ ಕಣ್ಣು ಕುಕ್ಕುವುದು ಹಾಗಿರಲಿ, ಆ ಕಾವಿಗೆ ಹೋಲ್ಡರ್ ಕರಗುತ್ತದೆ, ಹಿಂದಿನ ಕ್ಯಾಪ್ ಹಪ್ಪಳವಾಗುತ್ತದೆ. ಎಲ್‌ಇಡಿಗೆ ಈ ಕಾವಿಲ್ಲ. ಕಾವಿಲ್ಲದ್ದರಿಂದಲೇ ಲೆನ್ಸಿಗೆ ಹಿಡಿದ ಮಂಜು ಅಲ್ಲಿ ಬೇಗ ಆರುವುದೂ ಇಲ್ಲ. ಹ್ಯಾಲೋಜನ್ ಲೈಟಿಗೆ ಎಲ್‌ಇಡಿ ಬಲ್ಬ್ ತುರುಕಿ, ಅದರ ಫ್ಯಾನು ಅಡ್ಡ ಬರುತ್ತದೆಂದು ಕ್ಯಾಪನ್ನೇ ಕತ್ತರಿಸಿ ಬಿಸಾಡಿದ್ದನ್ನೂ ಅವತ್ತು ಕಂಡೆ.

ಹಿಂದಿನ ಕ್ಯಾಪ್ ಬೇಕೆಂದರೆ ಅಂಗಡಿಯವರು ಮೊದಲು ಅಸೆಂಬ್ಲಿಯ ಬೆಲೆ ಹೇಳುತ್ತಾರೆ. ಹಳೆಯ ಕ್ಯಾಪನ್ನೇ ಕಿಸೆಯಲ್ಲಿಟ್ಟುಕೊಂಡು ಹೋಗಿ ಕೌಂಟರಿನ ಮೇಲೆ ಇಡಿ, ಬಿಡಿಯಾಗಿ ಕೊಡಿ ಎಂದು ಕೇಳಿ. ಎಚ್4 ಬಲ್ಬಿನ ಹಲವು ಗಾಡಿಗಳಿಗೆ ಸಿಗುತ್ತದೆ. ಕಾರು ತೊಳೆಸುವಾಗ ಪ್ರೆಶರ್ ಗನ್ ಹಿಡಿದ ಹುಡುಗನಿಗೆ ಹೆಡ್‌ಲೈಟಿನ ಅಂಚಿಗೂ ಬಾನೆಟ್ಟಿನೊಳಗೂ ನೇರವಾಗಿ ಹೊಡೆಯಬೇಡ ಎಂದು ಒಂದು ಮಾತು ಹೇಳಿ.