ಬೆಳಗಾದ್ರೆ ಆಟ ಬಂದ್!

‘ಅಪ್ಪಾ, ಇನ್ನೂ ಸೇವ್ ಆಗಿಲ್ಲ!’

ಆರು ವರ್ಷದ ಮಗಳು ಹೀಗೆ ಕಿರುಚೋ ಹೊತ್ತಿಗೆ ನಾನು ಅವಳ ಕೈಯಿಂದ ಫೋನ್ ಕಿತ್ಕೊಂಡಾಗಿತ್ತು. ಆಮೇಲೆ ಅರ್ಧ ಗಂಟೆ ಅಳು, ರಾತ್ರಿ ಊಟಾನೂ ಇಲ್ಲ. ‘ಗೇಮ್ ಚಟ ಹತ್ತಿಬಿಟ್ಟಿದೆ ಇವಳಿಗೆ’ ಅಂತ ಹೆಂಡತಿ ಮುಂದೆ ಹಾರಾಡಿದೆ. ಅವಳು ಪಾತ್ರೆ ತೊಳೀತಾ ತಣ್ಣಗೆ ಕೇಳಿದಳು, ‘ಫೋನ್ ಕೊಟ್ಟಿದ್ದು ಯಾರು?’

ನಾನೇ. ವಾರಕ್ಕೆ ಮೂರು ದಿನ ವರ್ಕ್ ಫ್ರಮ್ ಹೋಮ್. ಅವಳು ಸ್ಕೂಲಿಂದ ಬರೋದಕ್ಕೂ ನನ್ನ ಕ್ಲೈಂಟ್ ಕಾಲ್ ಶುರುವಾಗೋದಕ್ಕೂ ಸರಿಹೋಗುತ್ತೆ. ಬಾಯಿ ಮೇಲೆ ಬೆರಳಿಟ್ಟು ‘ಶ್ಶ್’ ಅಂತ ಸನ್ನೆ ಮಾಡಿ, ಇನ್ನೊಂದು ಕೈಲಿ ಹಳೇ ಫೋನ್ ಕೊಡ್ತಿದ್ದೆ. ಅದರಲ್ಲಿ ಬಲೂನ್ ಒಡೆಯೋ ಒಂದು ಫ್ರೀ ಗೇಮ್. ಅದನ್ನ ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ.

ಆ ರಾತ್ರಿ ಅವಳು ಮಲಗಿದ ಮೇಲೆ ಆಡಿ ನೋಡಿದೆ. ಎರಡು ನಿಮಿಷ ಬಲೂನು, ಆಮೇಲೆ ಜಾಹೀರಾತು. ಮುಚ್ಚೋ ಗುರುತು ಸಾಸಿವೆ ಕಾಳಿನಷ್ಟು, ನನ್ನ ಬೆರಳಿಗೇ ಸಿಗಲಿಲ್ಲ. ಒಂದು ಜಾಹೀರಾತಲ್ಲಿ ಬಂದೂಕು, ಇನ್ನೊಂದರಲ್ಲಿ ಗೋಳೋ ಅಂತ ಅಳೋ ಹೆಂಗಸು. ನಾಳೆ ಬರದಿದ್ರೆ ಬಹುಮಾನ ತಪ್ಪುತ್ತೆ ಅಂತ ಹೆದರಿಸೋ ಗಡಿಯಾರ ಬೇರೆ. ಯಾವತ್ತೋ ಹಾಕಿಟ್ಟಿದ್ದ ಬ್ಯಾಲೆನ್ಸ್‌ನಲ್ಲಿ 399 ರೂಪಾಯಿ ‘ವಜ್ರ’ಕ್ಕೆ ಹೋಗಿತ್ತು. ದುಡ್ಡು ಹೋದರೆ ಹೋಗಲಿ, ದಿನಾ ಸಂಜೆ ಮಗಳನ್ನ ಇಂಥ ಸಂತೆಯಲ್ಲಿ ಒಬ್ಬಳನ್ನೇ ಬಿಟ್ಟು ಬರ್ತಿದ್ದೆನಲ್ಲ!

ಹಾಗಂತ ಗೇಮ್ ನನಗೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ತಿಪಟೂರಲ್ಲಿ ಬೆಳೆದವನು ನಾನು. ಟಿವಿಗೆ ಸಿಕ್ಕಿಸೋ ಡಬ್ಬ, ಉಫ್ ಅಂತ ಊದಿ ಹಾಕೋ ಕ್ಯಾಸೆಟ್, ಮಾರಿಯೋ, ಕಾಂಟ್ರಾ. ಕ್ಯಾಸೆಟ್ ಮೇಲೆ ಸಾವಿರಗಟ್ಟಲೆ ಆಟ ಅಂತ ಬರೆದಿರ್ತಿತ್ತು, ಒಳಗೆ ಅದೇ ಏಳೆಂಟು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬಂತು ಅಂತ ಅಪ್ಪ ಅದನ್ನ ಬೀರುವಿಗೆ ಹಾಕಿ ಬೀಗ ಜಡಿದರು. ನಾನು ಟ್ಯೂಷನ್ ಅಂತ ಸುಳ್ಳು ಹೇಳಿ ಬಸ್ ಸ್ಟ್ಯಾಂಡ್ ಹಿಂದಿನ ಪಾರ್ಲರ್‌ಗೆ ಹೋಗೋಕೆ ಶುರು ಮಾಡಿದೆ. ಗಂಟೆಗೆ ಹತ್ತು ರೂಪಾಯಿ. ಒಂದು ತಿಂಗಳ ಟ್ಯೂಷನ್ ಫೀಸು ಪೂರ್ತಿ ಅಲ್ಲೇ ಮುಗೀತು. ಸಿಕ್ಕಿಬಿದ್ದಾಗ ತಿಂದ ಏಟು ಎಷ್ಟು ಅಂತ ಈಗ ನೆನಪಿಲ್ಲ. ಅಪ್ಪ ಒಂದು ದಿನವಾದರೂ ಪಕ್ಕದಲ್ಲಿ ಕೂತು ‘ಇವನ್ಯಾಕೋ ಹಿಂಗೆ ಹಾರ್ತಾನೆ?’ ಅಂತ ಕೇಳಲಿಲ್ಲ ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ.

ಭಯಪಡೋರದ್ದು ತಪ್ಪು ಅಂತಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇಂಥದ್ದಕ್ಕೆ 2014ರಿಂದ ‘ಶಟ್’ ಕ್ಲಿನಿಕ್ ನಡೀತಿದೆ. ಗೇಮಿಂಗ್ ಚಟವನ್ನು ಕಾಯಿಲೆಗಳ ಸಾಲಿಗೆ ಸೇರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದೇ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ಸ್ಕ್ರೀನ್ ನೋಡೋದು ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೇದು. ನಿಮ್ಮ ಮನೆಯಲ್ಲಿ ಅಷ್ಟು ಚಿಕ್ಕವರಿದ್ದರೆ ಅವಸರ ಬೇಡವೇ ಬೇಡ.

ಬಲೂನ್ ಡಿಲೀಟ್ ಆಯ್ತು. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿದೆ. (ಗೇಮ್‌ನ ಪುಟದಲ್ಲೇ ಜಾಹೀರಾತು ಇದೆಯಾ, ಒಳಗೆ ಖರೀದಿ ಇದೆಯಾ ಅಂತ ಬರೆದಿರುತ್ತೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.) ಕೊನೆಗೆ ಹಳೇ ಲ್ಯಾಪ್‌ಟಾಪ್‌ಗೆ ದುಡ್ಡು ಕೊಟ್ಟು ಮೈನ್‌ಕ್ರಾಫ್ಟ್ ಹಾಕಿದೆ. ‘ನೀನು ಆಡ್ಬೇಕು ಅಂತ ಮಗು ಹೆಸರು ಹೇಳ್ತೀಯ’ ಅಂದಳು ಹೆಂಡತಿ. ಪೂರ್ತಿ ಸುಳ್ಳೇನಲ್ಲ.

ಕ್ರಿಯೇಟಿವ್ ಮೋಡ್‌ನಲ್ಲಿ ಇಟ್ಟಿಗೆ, ಮರ, ಗಾಜು ಎಷ್ಟು ಬೇಕಾದ್ರೂ ಸಿಗುತ್ತೆ. ಪೀಸ್‌ಫುಲ್ ಅಂತ ಇಟ್ಟರೆ ರಾತ್ರಿ ರಾಕ್ಷಸರೂ ಬರಲ್ಲ. ಆನ್‌ಲೈನ್ ಸರ್ವರ್‌ಗೆ ಹೋಗದೆ ನಾವಿಬ್ಬರೇ ಆಡ್ತೀವಿ. ನಡೆಸೋ ಕೀಲಿಗಳು ಅವಳ ಕೈಲಿ, ಮೌಸ್ ನನ್ನ ಕೈಲಿ. ಜಗಳ ದಿನಾ ಇದ್ದದ್ದೇ. ಆದರೆ ಆಟದ ಒಳಗೇ ನನಗೊಂದು ಗಡಿಯಾರ ಸಿಕ್ಕಿತು. ಅಲ್ಲಿ ಸೂರ್ಯ ಹುಟ್ಟಿ, ಮುಳುಗಿ, ಮತ್ತೆ ಹುಟ್ಟೋಕೆ ನಮ್ಮ 20 ನಿಮಿಷ ಬೇಕು. ‘ಬೆಳಗಾದ್ರೆ ಆಟ ಬಂದ್’ ಅನ್ನೋದು ಒಪ್ಪಂದ. ಬಂದ್ ಮಾಡಿದಾಗ ಕಟ್ಟಿದ್ದೆಲ್ಲ ತಾನಾಗೇ ಸೇವ್ ಆಗುತ್ತೆ, ಹಾಗಾಗಿ ಆ ಅಳು ಕಡಿಮೆಯಾಯ್ತು. ನಿಂತಿಲ್ಲ. ಹಾಸಿಗೆ ಹಾಕಿ ಮಲಗಿದ್ರೆ ಬೇಗ ಬೆಳಗಾಗುತ್ತೆ ಅಂತ ಗೊತ್ತಾದ ದಿನದಿಂದ ಅವಳ ಮನೆಯಲ್ಲಿ ಹಾಸಿಗೆಯೇ ಇಲ್ಲ.

ಮೂರನೇ ವಾರ ಒಂದು ಸಂಜೆ, ಮೌಸ್ ಅವಳ ಕೈಗೆ ಕೊಟ್ಟಿದ್ದೆ. ಹೊಲದಲ್ಲಿ ನಿಂತಿದ್ದ ಹಸುವನ್ನ ಸುಮ್ನೆ ಮುಟ್ಟೋಕೆ ಹೋಗಿ ಮತ್ತೆ ಮತ್ತೆ ಒತ್ತಿಬಿಟ್ಟಳು. ಹಸು ಕೆಂಪಾಗಿ, ಮಗ್ಗುಲಿಗೆ ಬಿದ್ದು, ಹೊಗೆಯಾಗಿ ಮಾಯವಾಯ್ತು.

‘ಎದ್ದು ಬರಲ್ವಾ?’

‘ಇಲ್ಲ ಪುಟ್ಟಿ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಜ್ಜಿ ಮನೆ ಗೌರಿನೂ ಹೀಗೇ ಹೋದ್ಲಾ?’

ಗೌರಿ ಯುಗಾದಿಗೂ ಮುಂಚೆ ಸತ್ತಿದ್ದಳು. ಮಗು ನೊಂದುಕೊಳ್ಳುತ್ತೆ ಅಂತ ಮಾರಿಬಿಟ್ವಿ ಅಂದಿದ್ವಿ. ಅವಳು ನಂಬಿದ್ದಾಳೆ ಅಂತ ನಾವು ನಂಬಿದ್ವಿ. ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ನಿಜ ಹೇಳಿದೆ. ತೊಡೆ ಮೇಲೆ ಕೂತು ಅತ್ತಳು, ನನ್ನ ಮೇಲೆ ಸಿಟ್ಟನ್ನೂ ಮಾಡಿಕೊಂಡಳು. ‘ಯಾಕೆ ಸುಳ್ಳು ಹೇಳಿದ್ರಿ?’ ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ. ಆ ಹೊತ್ತಿಗೆ ಸ್ಕ್ರೀನ್‌ನಲ್ಲಿ ಯಾವಾಗಲೋ ಬೆಳಗಾಗಿತ್ತು.

ಮಾರನೇ ದಿನ ಅವಳು ಕಟ್ಟಿದ್ದು ಕೊಟ್ಟಿಗೆ. ಸುತ್ತ ಬೇಲಿ, ಒಳಗೆ ಒಂದು ಹಸು, ಅದಕ್ಕೆ ಗೌರಿ ಅಂತ ಹೆಸರು. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದ್ವಿ. ನನ್ನಮ್ಮ ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿ, ‘ಎಲ್ಲಾ ಚೆಂದಾಗೈತೆ ಕಣವ್ವ, ಗಂಜಲ ಹರಿದುಹೋಗಕ್ಕೆ ಮೋರಿ ಎಲ್ಲಿ?’ ಅಂದರು.

ಈ ವಾರವೆಲ್ಲ ನಾವಿಬ್ಬರೂ ಮೋರಿ ತೋಡ್ತಾ ಇದ್ದೀವಿ.