ಪರದೆಯ ಮೇಲೆ ಕಡಲು, ಬಾಗಿಲಾಚೆ ಬಂಡೆ

ನಮ್ಮ ನಡುಮನೆಯ ಗೋಡೆಯಲ್ಲಿ ಅಜ್ಜ ಅಜ್ಜಿಯ ಒಂದು ಕಪ್ಪುಬಿಳುಪು ಫೋಟೊ ಇದೆ. ಅಜ್ಜ ಬೆನ್ನು ಸೆಟೆಸಿ ಕುರ್ಚಿಯಲ್ಲಿ ಕೂತಿದ್ದಾನೆ. ಅಜ್ಜಿ ಕುರ್ಚಿಯ ಹಿಡಿಕೆ ಹಿಡಿದು ನಿಂತಿದ್ದಾಳೆ. ಇಬ್ಬರ ಹಿಂದೆ ಕಡಲು, ಎರಡು ತೆಂಗಿನ ಮರ, ಒಂದು ಹಾಯಿದೋಣಿ. ಇಬ್ಬರೂ ಕಡಲು ಕಂಡವರಲ್ಲ. ಚಳ್ಳಕೆರೆಯ ಸ್ಟುಡಿಯೊವೊಂದರ ಬಟ್ಟೆ ಪರದೆಯ ಮೇಲೆ ಯಾರೋ ಪೇಂಟರು ಬಿಡಿಸಿದ ಕಡಲು ಅದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳೆಂದರೆ ಚಳ್ಳಕೆರೆ, ಮೊಳಕಾಲ್ಮುರು ಹೆಸರು ಬಂದೇ ಬರುತ್ತದೆ. ಅಂಥ ಸೀಮೆಯವರು ಫೋಟೊಕ್ಕೆ ಕೂತರೆ ಬೆನ್ನ ಹಿಂದೆ ನೀರಿರಬೇಕು ಅಂತ ಪರದೆ ಬರೆದವನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಶ್ಚರ್ಯ ಬೇರೆಯೇ ಇದೆ. ಆ ಸ್ಟುಡಿಯೊದಿಂದ ಬಳ್ಳಾರಿ ದಾರಿ ಹಿಡಿದು ಹೊರಟರೆ ಬಿ.ಜಿ. ಕೆರೆ ಸಿಗುತ್ತದೆ. ಬಲಕ್ಕೂ ಎಡಕ್ಕೂ ಶೇಂಗಾ ಹೊಲ, ಹುಣಸೆ ಮರ, ಕುರಿ ಹಿಂಡು. ಮೊಳಕಾಲ್ಮುರಿನ ಕಡೆ ತಿರುಗಿದಂತೆ ಗುಂಡಿನ ಮೇಲೆ ಗುಂಡು ಪೇರಿಸಿದ ಗುಡ್ಡಗಳು. ಯಾವ ಪೇಂಟರೂ ಇದನ್ನು ಪರದೆಯ ಮೇಲೆ ಬರೆಯಲಿಲ್ಲ. ಅಜ್ಜನಿಗೆ ಇದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಿ ಅಂದಿದ್ದರೆ ನಕ್ಕುಬಿಡುತ್ತಿದ್ದ. ಕಲ್ಲು ಅಂದರೆ ಹೊಲದಿಂದ ಆಯ್ದು ಬದುವಿಗೆ ಎಸೆಯುವ ವಸ್ತು. ಈಗ ಅದೇ ಕಲ್ಲಿಗಾಗಿ ಬೆಂಗಳೂರಿನಿಂದ ರಾತ್ರಿಯೇ ಹೊರಟು, ಹೊತ್ತು ಮೂಡುವ ಮುನ್ನ ಟ್ರೈಪಾಡ್ ಊರಿ ಕೂರುವವರಿದ್ದಾರೆ. ನಾನೂ ಅವರಲ್ಲೊಬ್ಬ. ಈ ಕಣ್ಣು ನಮಗೆ ಬಂದದ್ದು ಎಲ್ಲಿಂದ?

ಬಂದದ್ದು ಸೈನಿಕರ ಪೆಟ್ಟಿಗೆಗಳಿಂದ. 1854ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಮದ್ರಾಸು ಸೇನೆಯ ಅಧಿಕಾರಿ ರಜೆ ಹಾಕಿ, ಕ್ಯಾಮೆರಾ ಹೊರಿಸಿಕೊಂಡು ಬೇಲೂರು, ಹಳೇಬೀಡಿಗೆ ಹೋದ. ಎರಡು ವರ್ಷದ ನಂತರ, 1856ರಲ್ಲಿ, ಅದೇ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಹಿಡಿದ. ಅವನು ಬಳಸಿದ್ದು ಗಾಜೂ ಅಲ್ಲ, ಫಿಲ್ಮೂ ಅಲ್ಲ. ಮೇಣ ತೀಡಿದ ಕಾಗದ. ಆ ವಿಧಾನ ಫ್ರಾನ್ಸಿನ ಗುಸ್ತಾವ್ ಲ ಗ್ರೇಯದು, 1851ರದು. ಗಾಜಿನ ಮೇಲೆ ದ್ರಾವಣ ಬಳಿಯುವ ವಿಧಾನವೂ ಆಗಲೇ ಬಂದಿತ್ತು. ಆದರೆ ಅದು ಒಣಗುವುದರೊಳಗೆ ತೆಗೆದು ತೊಳೆದು ಮುಗಿಸಬೇಕು, ನಮ್ಮ ಬಿಸಿಲಿಗೆ ಅದು ಹೊಂದದು. ಮೇಣದ ಕಾಗದವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ದಿನಗಟ್ಟಲೆ ಇಟ್ಟುಕೊಳ್ಳಬಹುದಿತ್ತು. ದೋಷವೆಂದರೆ, ಅದು ತೀರಾ ನಿಧಾನ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಮಸೂರ ತೆರೆದಿಡಬೇಕು. ಮನುಷ್ಯ ಅಲುಗಾಡುತ್ತಾನೆ, ದನ ನಡೆಯುತ್ತದೆ, ಮರದೆಲೆ ತೂಗುತ್ತದೆ. ಅಲುಗಾಡದೆ ಕೂರುವುದು ಬಂಡೆ ಮಾತ್ರ. ನಮ್ಮ ಸೀಮೆಯ ಕಲ್ಲು ಮೊದಲು ಚಿತ್ರಕ್ಕೆ ಬಂದದ್ದು ಅದರ ಚೆಲುವಿಗೆ ಸೋತವರಿಂದ ಎನ್ನುವುದಕ್ಕಿಂತ, ಅದರ ತಾಳ್ಮೆಯನ್ನು ನೆಚ್ಚಿಕೊಂಡವರಿಂದ ಎನ್ನುವುದು ನಿಜಕ್ಕೆ ಹತ್ತಿರ.

ಆ ಕಾಗದಕ್ಕೆ ಇನ್ನೊಂದು ಕುಂದಿತ್ತು. ನೀಲಿ ಬೆಳಕಿಗೆ ಅದು ಅತಿ ಬೇಗ ಸ್ಪಂದಿಸುತ್ತಿತ್ತು. ನೆಲ ಸರಿಯಾಗಿ ಮೂಡುವ ಹೊತ್ತಿಗೆ ಆಕಾಶ ಸುಟ್ಟು ಬರೀ ಬಿಳಿಯಾಗುತ್ತಿತ್ತು. ಟ್ರೈಪ್ ಇದಕ್ಕೆ ಉಪಾಯ ಕಂಡುಕೊಂಡ: ನೆಗೆಟಿವಿನ ಮೇಲೆ ಕುಂಚದಿಂದ ಮೋಡ ಬರೆದ. ಅತ್ತ ಲ ಗ್ರೇ, ಗ್ರೀನ್‌ಲಾ ಹಂಪಿಯಲ್ಲಿದ್ದ ಅದೇ 1856ರ ಹೊತ್ತಿಗೆ, ಫ್ರಾನ್ಸಿನ ತೀರದಲ್ಲಿ ಕಡಲಿನ ಚಿತ್ರ ತೆಗೆಯುತ್ತಿದ್ದ. ಅವನು ಕಡಲಿಗೊಂದು, ಆಕಾಶಕ್ಕೊಂದು ಬೇರೆ ಬೇರೆ ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಸೇರಿಸಿ ಮುದ್ರಿಸಿದ. ಇವತ್ತು ಫೋನು ಒಂದು ಕ್ಲಿಕ್ಕಿನಲ್ಲಿ ಮೂರು ಚಿತ್ರ ತೆಗೆದು ತಾನೇ ಹೊಲಿದುಕೊಡುತ್ತದಲ್ಲ, ಅದರ ಮುತ್ತಜ್ಜ ಅದು. ಚಿತ್ರ ತಿದ್ದುವುದು ಮೋಸ ಅಂತ ವಾದಕ್ಕೆ ಬರುವವರಿಗೆ ನಾನು ಟ್ರೈಪನ ಮೋಡದ ಕಥೆ ಹೇಳುತ್ತೇನೆ. ಸಾಮಾನ್ಯವಾಗಿ ವಾದ ನಿಲ್ಲುವುದಿಲ್ಲ, ಮಾತು ಮಾತ್ರ ಸ್ವಾರಸ್ಯಕ್ಕೆ ತಿರುಗುತ್ತದೆ.

ಟ್ರೈಪ್ 1858ರಲ್ಲಿ, ಈಗಿನ ತಮಿಳುನಾಡಿನ ರಾಯಕೋಟೆ ಸುತ್ತಲಿನ ಚಿತ್ರಗಳ ಸಂಪುಟವೊಂದನ್ನು ಹೊರತಂದ. ಅಲ್ಲಿ ಗುಡಿ ಗೋಪುರಗಳ ಜೊತೆಗೆ ಕಲ್ಲುಗುಡ್ಡವೂ ಚಿತ್ರದ ವಸ್ತುವಾಯಿತು. ಗ್ರೀನ್‌ಲಾನ ಕಾಗದಗಳಿಗೆ ಮಾತ್ರ ದೀರ್ಘ ವನವಾಸ. 1980ರ ದಶಕದ ಆರಂಭದಲ್ಲಿ ಅವು ಮತ್ತೆ ಬೆಳಕಿಗೆ ಬಂದವು. ಆಗ ಹಂಪಿಯಲ್ಲಿ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರ ಸಂಶೋಧನೆ ನಡೆದಿತ್ತು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ಹಿಡಿದರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಳೆಯ ಚಿತ್ರವೊಂದನ್ನು ಹಿಡಿದು, ತೆಗೆದವನ ಪಾದ ಎಲ್ಲಿತ್ತು ಎಂದು ಹುಡುಕಿ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಹಿಂದಿನ ಗುಡ್ಡ ಮುಂದಿನ ಗುಂಡಿಗೆ ಅಂಟಿಕೊಳ್ಳುತ್ತದೆ, ಒಂದು ಮೊಳ ತಗ್ಗಿದರೆ ಬಿಡಿಸಿಕೊಳ್ಳುತ್ತದೆ. ಯಾವ ಮಸೂರ ಕೊಳ್ಳಬೇಕು ಎಂಬ ಚರ್ಚೆ ಆಮೇಲೆ.

ಮೊಳಕಾಲ್ಮುರಿಗೂ ಒಬ್ಬರು ಕಾಗದ ಹಿಡಿದೇ ಬಂದರು. 1892ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರು ಕಡೆ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಒದ್ದೆ ಕಾಗದವನ್ನು ಬಂಡೆಗೆ ಒತ್ತಿ, ಬಡಿದು, ಮಸಿ ತಾಗಿಸಿ ಅಚ್ಚು ತೆಗೆಯುವುದು ಶಾಸನದವರ ಪದ್ಧತಿ. ಕ್ಯಾಮೆರಾ ಇಲ್ಲದ ಛಾಯಾಚಿತ್ರ ಅಂದರೂ ನಡೆದೀತು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಮೊದಲೇ ಅಕ್ಷರಗುಂಡು ಅನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರನ ಗುಂಡು: ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹಾಕುತ್ತಿದ್ದರು, ಅಕ್ಷರಗಳು ಸವೆದುಹೋಗಿದ್ದವು. ಸವೆದ ಅಕ್ಷರ ಓದುವವರು ನಡು ಮಧ್ಯಾಹ್ನ ಬಂಡೆಯ ಮುಂದೆ ನಿಲ್ಲುವುದಿಲ್ಲ. ಬೆಳಕು ಬಂಡೆಯ ಮೈಯನ್ನು ಓರೆಯಾಗಿ ಸವರುವ ಹೊತ್ತಿಗೆ ಪ್ರತಿ ತಗ್ಗಿನಲ್ಲೂ ನೆರಳು ತುಂಬಿ ಗೆರೆ ಎದ್ದು ಬರುತ್ತದೆ. ಗುಡ್ಡದ ಚಿತ್ರಕ್ಕೂ ಅದೇ ಲೆಕ್ಕ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಬಂಡೆ ಚಪ್ಪಟೆ ರೊಟ್ಟಿ. ಭುಜದ ಪಕ್ಕಕ್ಕಿದ್ದರೆ ಅದಕ್ಕೆ ಮೈ ಬರುತ್ತದೆ.

ಬಂಡೆಯ ಹುಟ್ಟನ್ನೂ ಒಂದಿಷ್ಟು ತಿಳಿದಿದ್ದರೆ ಕಣ್ಣು ಚುರುಕಾಗುತ್ತದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೆ ಪಟ್ಟಿಯಂತೆ ಹಬ್ಬಿದ ಶಿಲೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದರು. ವಯಸ್ಸು ಸುಮಾರು 250 ಕೋಟಿ ವರ್ಷ. ಮೊಳಕಾಲ್ಮುರು ಕಡೆಯ ಗುಂಡುಗಳೂ ಇದೇ ಬಳಗದವು. ಯಾರೂ ಇವನ್ನು ತಂದು ಪೇರಿಸಿಲ್ಲ. ನೆಲದೊಳಗಿದ್ದಾಗಲೇ ಅಡ್ಡ ಉದ್ದ ಬಿರುಕು ಬಿಟ್ಟು, ಬಿರುಕಿನೊಳಗೆ ನೀರಿಳಿದು ಮೂಲೆಗಳು ಕರಗಿ, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಉಳಿದ ತಿರುಳು ಇದು. ಇದರಲ್ಲಿನ ಗುಲಾಬಿ ಬಣ್ಣದ ಹರಳುಗಳ ಮೇಲೆ ಇಳಿಹೊತ್ತಿನ ಬೆಳಕು ಬಿದ್ದಾಗ ಗುಡ್ಡ ಕೆಂಡದಂತೆ ಕಾಣುತ್ತದೆ. ಕ್ಯಾಮೆರಾವನ್ನು ಅದರ ಇಚ್ಛೆಗೆ ಬಿಟ್ಟರೆ ಈ ಕೆಂಪನ್ನು ದೋಷವೆಂದು ತಿಳಿದು ತೊಳೆದುಬಿಡುತ್ತದೆ. ಬಿಳಿ ಸಮತೋಲವನ್ನು ಹಗಲಿನ ಬೆಳಕಿಗೆ, ಅಂದರೆ 5200ರಿಂದ 5500 ಕೆಲ್ವಿನ್ ನಡುವೆ ಕಟ್ಟಿಹಾಕಿ.

ಜನಸಾಮಾನ್ಯರ ಕಣ್ಣಿಗೆ ಕಲ್ಲು ಚೆಂದವಾದದ್ದು ಸೈನಿಕರಿಂದಲೂ ಅಲ್ಲ, ಶಾಸನದವರಿಂದಲೂ ಅಲ್ಲ, ಟೂರಿಂಗ್ ಟಾಕೀಸಿನಿಂದ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದು, ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಅದರ ನಾಯಕ ರಾಮಾಚಾರಿ ಓಡಾಡಿದ ಮೇಲೆ ಜನ ಆ ಜಾಗಗಳನ್ನು ಹುಡುಕಿಕೊಂಡು ಹೋಗತೊಡಗಿದರು. 1975ರಲ್ಲಿ ‘ಶೋಲೆ’ ರಾಮನಗರದ ಬಂಡೆಗಳಿಗೆ ಅದೇ ಭಾಗ್ಯ ತಂದಿತು. ಕ್ಯಾಮೆರಾಗಳೂ ಅಗ್ಗವಾಗುತ್ತಿದ್ದವು. ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್, ಅದರ ರೋಲಿಗೆ 12 ಚಿತ್ರ, ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಫಿಲ್ಮ್: ಇವು ಸ್ಟುಡಿಯೊದ ಬಾಗಿಲು ದಾಟಿ ಹೊರಬಂದ ಪೀಳಿಗೆಯ ಸಾಮಾನುಗಳು. ಬೆಂಗಳೂರಿನಲ್ಲಿ ಡಾ. ಜಿ. ಥಾಮಸ್ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಕಟ್ಟಿದ್ದರು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಭಾನುವಾರ ನಾಲ್ಕು ಜನ ಸೇರಿ ಊರಾಚೆ ಹೋಗುವ ರೂಢಿಗೆ ಇಂಥ ಕೂಟಗಳು ನೀರೆರೆದವು.

ನಮಗೆ ಹತ್ತಿರದ ಗುರು ಸಂಡೂರಿನ ಎಂ.ವೈ. ಘೋರ್ಪಡೆ. ರಾಜಮನೆತನ, ರಾಜ್ಯದ ಹಣಕಾಸು ಖಾತೆ, ಇವೆಲ್ಲದರ ನಡುವೆ ಕಪ್ಪುಬಿಳುಪಿನಲ್ಲಿ ಕಾಡುಮೃಗಗಳನ್ನು ಹಿಡಿದವರು. ಅವರ ಛಾಯಾಗ್ರಹಣದ ದಿನಚರಿ ಪುಸ್ತಕ ಬಂದದ್ದೂ 1983ರಲ್ಲೇ, ಗೋಲಿಂಗ್ಸ್ ಹಂಪಿಯಲ್ಲಿದ್ದ ವರ್ಷ. ಅದರ ಹೆಸರಿನಲ್ಲೇ ಬಿಸಿಲಿದೆ, ನೆರಳಿದೆ. ನಮ್ಮ ಸೀಮೆಯಲ್ಲಿ ಬಣ್ಣಕ್ಕಿಂತ ನೆರಳೇ ಹೆಚ್ಚು ಮಾತಾಡುತ್ತದೆ ಎಂದು ನಾನು ನಂಬಿದ್ದು ಆ ಪುಟಗಳನ್ನು ತಿರುವಿದ ಮೇಲೆ. ಮಾರ್ಚಿನಿಂದ ಮೇವರೆಗೆ ಬಿ.ಜಿ. ಕೆರೆ ಸುತ್ತ ಬಣ್ಣ ಹುಡುಕಬೇಡಿ, ಸಿಗುವುದಿಲ್ಲ. ಫೋನನ್ನೇ ಕಪ್ಪುಬಿಳುಪಿಗೆ ಹಾಕಿ ನೋಡಿ. ಒಣಗಿದ ಹೊಲ, ಒಂಟಿ ಹುಣಸೆ, ಅದರ ಬುಡದ ದುಂಡು ನೆರಳು ಸಾಕು.

ಸೂರ್ಯ ಇಲ್ಲಿ ಬೇಗ ನೆತ್ತಿಗೆ ಬರುತ್ತಾನೆ. ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ನಡುವಿಗೆ ಅವನು ಸರಿಯಾಗಿ ನಡುನೆತ್ತಿಯ ಮೇಲಿದ್ದು, ನೆಟ್ಟ ಕೋಲಿಗೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಮುಳುಗಿದ ಮೇಲೂ ನಸುಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷ ನಿಂತರೆ ಹೆಚ್ಚು. ಪರದೇಶದ ಪುಸ್ತಕಗಳಲ್ಲಿ ಬರುವ ಗಂಟೆಗಟ್ಟಲೆಯ ಹೊನ್ನಬೆಳಕು ನಮ್ಮದಲ್ಲ. ಹಾಗಾಗಿ ಹಿಂದಿನ ದಿನ ಸಂಜೆಯೇ ಜಾಗ ನೋಡಿ, ಟ್ರೈಪಾಡ್ ಊರುವ ಕಲ್ಲನ್ನು ಗುರುತಿಟ್ಟುಕೊಂಡಿರಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತು ದಾಟಿದರೆ ನೆಲದಿಂದ ಬಿಸಿಗಾಳಿ ಎದ್ದು ದೂರದ ಗುಡ್ಡ ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ. ಎಷ್ಟು ದುಬಾರಿ ಟೆಲಿ ಮಸೂರವಾದರೂ ಚಿತ್ರ ಮಂಜು. ಆಗ ಚೀಲ ಕಟ್ಟಿ ಹೋಟೆಲಿಗೆ ನಡೆಯುವುದೇ ಜಾಣತನ. ನನ್ನ ಮಟ್ಟಿಗೆ ಅತ್ಯುತ್ತಮ ಕಾಲ ಜೂನ್‌ನಿಂದ ಸೆಪ್ಟೆಂಬರ್. ಮಳೆ ಮಲೆನಾಡಿನಲ್ಲೇ ಮುಗಿದು ನಮಗೆ ಮೋಡ ಮಾತ್ರ ಬರುತ್ತದೆ. ರೈತರಿಗೆ ಅದು ಸಂಕಟ, ಒಪ್ಪಿದೆ. ಆದರೆ ಓಡುವ ಮೋಡದ ನೆರಳು ಒಂದೊಂದೇ ಗುಡ್ಡವನ್ನು ಆರಿಸಿ ಹೊತ್ತಿಸುವುದನ್ನು ನೋಡಬೇಕಾದರೆ ಆಗಲೇ ಬರಬೇಕು. ಗಾಳಿ ಜೋರು, ಟ್ರೈಪಾಡಿನ ಕೊನೆಯ ಸಣ್ಣ ಕಾಲು ಎಳೆಯಬೇಡಿ, ನಡುವಿಗೆ ಚೀಲ ತೂಗುಹಾಕಿ, ಮಸೂರ ಬದಲಿಸುವಾಗ ಗಾಳಿಗೆ ಬೆನ್ನು ಕೊಡಿ.

ಕಡಲಿನ ಚಟ ನನಗೂ ಇದೆ, ಗೋಡೆಯ ಫೋಟೊದ ಶಾಪವಿರಬೇಕು. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕೆ ಹೊಳೆ, ಇನ್ನೊಂದು ಕಡೆ ಸಮುದ್ರ; ಸಂಜೆ ಅಲ್ಲಿ ನಿಂತು, ಹಿಂದೆ ಸರಿಯುವ ಅಲೆಯ ಗೆರೆ ಹಿಡಿಯಲು ಅರ್ಧ ಸೆಕೆಂಡು ಸಾಕು ಎಂದು ಕಲಿತೆ. ಒಮ್ಮೆ ಕಣ್ಣು ಪರದೆಗೆ ನೆಟ್ಟು ನಿಂತಿದ್ದಾಗ ಅಲೆಯೊಂದು ಮೊಣಕಾಲು ದಾಟಿ ಕ್ಯಾಮೆರಾಕ್ಕೂ ಉಪ್ಪುನೀರು ಕುಡಿಸಿತು. ಹತ್ತು ನಿಮಿಷ ಅಲೆಗಳನ್ನು ಸುಮ್ಮನೆ ನೋಡಿ ಆಮೇಲೆ ಜಾಗ ಹಿಡಿಯಬೇಕು, ಮನೆಗೆ ಬಂದ ತಕ್ಷಣ ಟ್ರೈಪಾಡನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಈ ಎರಡಕ್ಕೂ ನಾನು ತೆತ್ತ ಫೀಸು ಒಂದು ಮಸೂರ.

ಬಂಡೆಯ ನಾಡಿನಲ್ಲಿ ಅಪಾಯ ಬೇರೆ ಥರದ್ದು. ನಸುಕಿನಲ್ಲಿ ಗುಡ್ಡ ಹತ್ತಲು ಹೊರಟವನನ್ನು ಕುರಿ ಕಾಯುವವರೊಬ್ಬರು ತಡೆದಿದ್ದರು. ‘ಹೊತ್ತು ಮೂಡ್ಲಿ ತಡೀರಿ, ಕರಡಿ ಇನ್ನೂ ಗವಿ ಸೇರಿರಲ್ಲ’ ಅಂದರು. ಮೊಳಕಾಲ್ಮುರು ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಒಬ್ಬರೇ ಹೋಗಬೇಡಿ, ಸದ್ದು ಮಾಡುತ್ತ ನಡೆಯಿರಿ. ಹಟ್ಟಿಗಳ ಹತ್ತಿರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು ಕಂಡರೆ ಕ್ಯಾಮೆರಾ ಇಳಿಸಿ ಮೊದಲು ಮಾತಾಡಿಸಿ. ಕೇಳದೆ ತೆಗೆದ ಚಿತ್ರದಲ್ಲಿ ಅವರ ಮುಖ ಬಿಗಿದಿರುತ್ತದೆ. ಇನ್ನು ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಅದರ ಬಹುಭಾಗಕ್ಕೆ ಈಗ ವಿಜ್ಞಾನ ಸಂಸ್ಥೆಗಳ ಬೇಲಿ. 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ನೌಕೆ ತಾನಾಗಿ ಬಂದು ಇಳಿದದ್ದು ಇಲ್ಲಿನ ರನ್‌ವೇಯಲ್ಲೇ. ಚಳ್ಳಕೆರೆಯ ನೆಲದ ಚಿತ್ರ ಜಗತ್ತೆಲ್ಲ ನೋಡಿತು, ಹುಲ್ಲು ಮಾತ್ರ ಅಂಚಿನಲ್ಲಿತ್ತು. ಆ ಬೇಲಿಯತ್ತ ಮಸೂರ ತಿರುಗಿಸಬೇಡಿ. ಡ್ರೋನ್ ಇದ್ದರೆ ಸರ್ಕಾರದ ಡಿಜಿಟಲ್ ಸ್ಕೈ ವಾಯುವಲಯ ನಕ್ಷೆ ನೋಡದೆ ಪೆಟ್ಟಿಗೆಯಿಂದ ಹೊರಗೇ ತೆಗೆಯಬೇಡಿ.

ನೀರಿಲ್ಲದ ಸೀಮೆಗೆ ಸಿಕ್ಕ ಒಂದು ಲಾಭ ಆಕಾಶ. ಫೆಬ್ರುವರಿ, ಮಾರ್ಚಿನಲ್ಲಿ ಅಮಾವಾಸ್ಯೆಯ ಆಸುಪಾಸಿನಲ್ಲಿ, ಬೆಳಗಿನ ಜಾವಕ್ಕೆ ಮುಂಚೆ, ಆಕಾಶಗಂಗೆಯ ದಪ್ಪನೆಯ ಭಾಗ ಆಗ್ನೇಯದಿಂದ ಏಳುತ್ತದೆ. 24 ಎಂಎಂ ಮಸೂರ, ಪೂರ್ತಿ ತೆರೆದ ಕಿಂಡಿ, 20 ಸೆಕೆಂಡು. ಅದಕ್ಕೂ ಮೀರಿದರೆ ಚುಕ್ಕಿ ಗೆರೆಯಾಗುತ್ತದೆ. ಕಳೆದ ಸಲ ಹೆದ್ದಾರಿಗೆ ಹತ್ತಿರದ ಒಂದು ಗುಂಡನ್ನೇ ಮುಂದಿಟ್ಟುಕೊಂಡು ಕೂತಿದ್ದೆ. ಹಗಲಿನ ಬಿಸಿಲು ಕುಡಿದ ಕಲ್ಲು ಆ ಹೊತ್ತಿಗೂ ಅಂಗೈಗೆ ಬೆಚ್ಚಗಿತ್ತು. ಕ್ಯಾಮೆರಾ ತೆರೆದು ಹನ್ನೆರಡೋ ಹದಿಮೂರೋ ಎಣಿಸುವಾಗ ಬಳ್ಳಾರಿ ಕಡೆಯಿಂದ ಲಾರಿಯೊಂದು ತಿರುವಿನಲ್ಲಿ ಬಂತು. ಅದರ ಬೆಳಕು ಗುಂಡಿನ ಮೈಮೇಲೆ ಹಾಯ್ದು ಹೋಯಿತು. ಬೈದುಕೊಂಡೇ ಪರದೆ ನೋಡಿದೆ: ಗುಂಡಿನ ಒಂದು ಮಗ್ಗುಲು ಹಳದಿ, ಇನ್ನೊಂದು ಕಗ್ಗತ್ತಲು, ಮೇಲೆ ಚುಕ್ಕಿ. ಅಳಿಸಲಿಲ್ಲ. ಆಮೇಲೆ ಒಂದು ಗಂಟೆ, ಇನ್ನೊಂದು ಲಾರಿ ಬರಲಿ ಅಂತ ಕಾದು ಕೂತೆ.