ಸಾಂಗಲಿಯ ಕೋಟೆಯಿಂದ ಧುಮುಕಿದವರು

ಸುಲಿಗೆಯ ಆರೋಪ ಹೊತ್ತವರು ಸೆರೆಮನೆಯಲ್ಲಿ ಒಂದುಗೂಡಿ ಪಲಾಯನದ ಸಂಚು ಹೂಡುವ ವೃತ್ತಾಂತವು ಚಲಚ್ಚಿತ್ರಗಳಲ್ಲಿ ಬಹುಧಾ ಲೋಭದ ಕಥೆಯಾಗಿರುತ್ತದೆ. ಆದರೆ ನಮ್ಮ ಹುಬ್ಬಳ್ಳಿಯ ಬಂಡಿ ಸಾಗುವ ಮಿರಜದ ಹಾದಿಯ ಆಸುಪಾಸಿನಲ್ಲಿಯೇ, 1943ರಲ್ಲಿ, ಅದು ಸ್ವಾರ್ಥದ ಲೇಶವೂ ಇಲ್ಲದೆ ನಡೆದುದುಂಟು.

ಆ ಕಾಲದಲ್ಲಿ ಕಲಘಟಗಿ ಸೀಮೆಯ ತಂಬೂರದಂತಹ ಊರಿನ ಒಕ್ಕಲಿಗೆ ಬ್ಯಾಂಕೆಂಬುದು ದೂರದ ಮಾತು. ಸರಕಾರದ ಹಣವೆಂದರೆ ಗೌಡ-ಕುಲಕರ್ಣಿಯರು ಚಾವಡಿಯಲ್ಲಿ ವಸೂಲು ಮಾಡಿ ತಾಲೂಕಿನ ಖಜಾನೆಗೆ ಕಳುಹುತ್ತಿದ್ದ ಕಂದಾಯವೇ. ‘ಚಲೇಜಾವ್’ ಚಳವಳಿಯ ಭೂಗತರು ಕೈಯಿಕ್ಕಿದುದೂ ಆ ಹಣಕ್ಕೇ. ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಿದ್ದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಹೊಸರಿತ್ತಿಯಲ್ಲಿ, ಕಂದಾಯವನ್ನು ವಶಪಡಿಸಿಕೊಳ್ಳಹೋಗಿ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೊಡನೆ ಪೋಲೀಸರ ಗುಂಡಿಗೆ ಬಲಿಯಾದರು. ಜೂನ್ 7ರಂದು ಬ್ರಿಟಿಷರ ಆಡಳಿತಕ್ಕೆ ಎದುರಾಗಿ ಸಾತಾರದಲ್ಲಿ ಭೂಗತರು ಕಟ್ಟಿದ ‘ಪ್ರತಿಸರಕಾರ’ದವರು ಶೇಣೋಳಿಯ ಬಳಿ ಪುಣೆ-ಮಿರಜ ಬಂಡಿಯನ್ನು ತಡೆದು ಸರಕಾರಿ ಸಂಬಳದ ಹಣವನ್ನು ಒಯ್ದರು. ಗುಪ್ತಕಾರ್ಯವನ್ನು ಗಾಂಧೀಜಿ ಒಪ್ಪಲಿಲ್ಲವೆಂಬುದು ನಿಜ. ಆದರೂ ಇವರನ್ನು ದರೋಡೆಕಾರರೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಆ ವರ್ಷವೇ ಸೆರೆಸಿಕ್ಕ ಭೂಗತ ಹೋರಾಟಗಾರ ವಸಂತದಾದಾ ಪಾಟೀಲರನ್ನು ಸಾಂಗಲಿ ಸಂಸ್ಥಾನದ ಕೋಟೆಯೊಳಗಣ ಕಾರಾಗೃಹದಲ್ಲಿ ಇರಿಸಿದರು. ನಮ್ಮ ನೆರೆಯ ಶಿರಹಟ್ಟಿಯೂ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಹೊರಗೆ, ಒಬ್ಬರ ನೆಲೆ ಮತ್ತೊಬ್ಬರಿಗೆ ತಿಳಿಯದಂತೆ ಚದುರಿ ಬಾಳಬೇಕಾದ ಭೂಗತರನ್ನು, ಸರಕಾರವು ತಾನಾಗಿಯೇ ಒಂದು ಗೋಡೆಯೊಳಗೆ ಕೂಡಿಹಾಕಿ, ಜತೆಯಲ್ಲಿ ಉಂಡು ಮಲಗಿ ಒಬ್ಬರ ಎದೆಗಾರಿಕೆಯನ್ನು ಮತ್ತೊಬ್ಬರು ಅರಿಯುವಷ್ಟು ಬಿಡುವನ್ನೂ ಒದಗಿಸಿದಾಗ, ಅಲ್ಲಿ ಹುಟ್ಟುವ ಸ್ನೇಹವು ರಕ್ತಸಂಬಂಧಕ್ಕಿಂತ ಬಲವಾದುದಾದರೆ ಅಚ್ಚರಿಯೇನು? ಜುಲೈ 24ರ ಹಾಡಹಗಲಲ್ಲಿ ದಾದಾ ಮತ್ತು ಜತೆಯ ಕೈದಿಗಳು ಕಾವಲಿನವರನ್ನು ಅದುಮಿ, ಬಂದೂಕುಗಳನ್ನು ಕಸಿದು, ಕೋಟೆಯ ಗೋಡೆಯಿಂದ ಕಂದಕಕ್ಕೆ ಧುಮುಕಿದರು. ಮುಂದೆ ಮಳೆಗಾಲದ ಕೃಷ್ಣೆ, ಹಿಂದೆ ಬೆನ್ನಟ್ಟಿದ ಪೋಲೀಸರು. ಸಂಗಡಿಗರಾದ ಅಣ್ಣಾಸಾಹೇಬ ಪತ್ರಾವಳೆ, ಬಾಬುರಾವ ಜಾಧವ ಇಬ್ಬರೂ ಗುಂಡಿಗೆ ಅಸುನೀಗಿದರು. ಭುಜಕ್ಕೆ ಗಾಯಗೊಂಡ ದಾದಾ ಮರಳಿ ಸೆರೆಯಾಗಿ, 1946ರಲ್ಲಿ ಬಿಡುಗಡೆ ಹೊಂದಿ, 1977ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾದರು.

ಇಂತಹ ಸಾಹಸವು ಪೂರ್ಣವಾಗಿ ಕೈಗೂಡಿದುದು ಮರುವರ್ಷ. 1944ರ ಏಪ್ರಿಲಿನಲ್ಲಿ ಧುಳೆಯ ಸೀಮೆಯ ಚಿಮಠಾಣೆಯ ಬಳಿ ಸರಕಾರಿ ಖಜಾನೆಯ ಹಣವನ್ನು ಕೈವಶಮಾಡಿಕೊಂಡವರಲ್ಲಿ ಒಬ್ಬರಾದ ನಾಗನಾಥ ನಾಯಕವಾಡಿಯವರು ಸೆರೆಸಿಕ್ಕು, ಸೆಪ್ಟೆಂಬರ್ 10ರಂದು, ಜತೆಯ ಕೈದಿಗಳ ನೆರವಿನಿಂದ ಸಾತಾರದ ಸೆರೆಮನೆಯ ಗೋಡೆಯನ್ನು ಹಾರಿ, ಪ್ರತಿಸರಕಾರದ ಕಾರ್ಯಕ್ಕೆ ಮರಳಿದರು.